2001ರಲ್ಲಿ ಯುರೋಪಿನ ಬ್ಯಾಸ್ಕೆಟ್‌ಬಾಲ್‌ಗೆ ಇಬ್ಬರು ಚಾಂಪಿಯನ್ನರು ಹೇಗೆ ಬಂದರು?

ಆ ವರ್ಷ ಯುರೋಪಿನಲ್ಲಿ ಒಂದಲ್ಲ, ಎರಡು ದೊಡ್ಡ ಲೀಗ್ ನಡೆದವು. ಅದಕ್ಕೇ ಇಬ್ಬರು ಚಾಂಪಿಯನ್ನರು.

ಅಲ್ಲಿಯವರೆಗೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯನ್ನು ನಡೆಸುತ್ತಿದ್ದದ್ದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ. ಹಣ, ಅಧಿಕಾರ ಎರಡರಲ್ಲೂ ತಮಗೆ ಜಾಸ್ತಿ ಪಾಲು ಬೇಕು ಎಂದು ದೊಡ್ಡ ಕ್ಲಬ್‌ಗಳು 2000ರಲ್ಲಿ ಬೇರೆಯಾದವು. ಆ ಟೂರ್ನಿಗಿದ್ದ 'ಯುರೋಲೀಗ್' ಎಂಬ ಹೆಸರನ್ನು ಫೀಬಾ ನೋಂದಾಯಿಸಿಯೇ ಇರಲಿಲ್ಲ. ಬೇರೆಯಾದ ಕ್ಲಬ್‌ಗಳು ತಮ್ಮ ಹೊಸ ಲೀಗ್‌ಗೆ ಆ ಹೆಸರನ್ನೇ ಇಟ್ಟುಕೊಂಡವು! ಫೀಬಾ ತನ್ನ ಟೂರ್ನಿಗೆ 'ಸುಪ್ರೋಲೀಗ್' ಎಂದು ಹೊಸ ಹೆಸರಿಡಬೇಕಾಯಿತು.

ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಒಲಿಂಪಿಯಾಕೋಸ್ ಯುರೋಲೀಗ್‌ಗೆ ಹೋದವು. ಪಾನಾಥಿನೈಕೋಸ್, ಮಕಾಬಿ ಟೆಲ್ ಅವಿವ್, ಸಿಎಸ್‌ಕೆಎ ಮಾಸ್ಕೋ ಫೀಬಾ ಜೊತೆ ಉಳಿದವು.

ಸುಪ್ರೋಲೀಗ್ ಫೈನಲ್ ಪ್ಯಾರಿಸ್‌ನಲ್ಲಿ ನಡೆಯಿತು. ಮಕಾಬಿ 81-67ರಿಂದ ಪಾನಾಥಿನೈಕೋಸ್ ತಂಡವನ್ನು ಸೋಲಿಸಿತು. ಯುರೋಲೀಗ್‌ನಲ್ಲಿ ಫೈನಲ್ ಒಂದೇ ಪಂದ್ಯವಲ್ಲ, ಐದು ಪಂದ್ಯಗಳ ಸರಣಿ. ಇಟಲಿಯ ಕಿಂಡರ್ ಬೊಲೋನ್ಯಾ, ಸ್ಪೇನಿನ ಟಾವ್ ಸೆರಾಮಿಕಾ ವಿರುದ್ಧ 3-2ರಿಂದ ಗೆದ್ದಿತು. ಆ ಸರಣಿಯ ಶ್ರೇಷ್ಠ ಆಟಗಾರ ಮನು ಜಿನೋಬಿಲಿ. ಮುಂದೆ ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ಸ್ಯಾನ್ ಆಂಟೋನಿಯೋ ಪರ ಮಿಂಚಿದರಲ್ವಾ, ಅವರೇ.

ಆದರೆ ಚಾಂಪಿಯನ್ನರಾದ ಮಕಾಬಿ, ಕಿಂಡರ್ ತಂಡಗಳು ಎದುರುಬದುರಾಗಿ ಆಡಿ 'ನಿಜವಾದ ಚಾಂಪಿಯನ್ ಯಾರು' ಎಂದು ತೀರ್ಮಾನವಾಗಲೇ ಇಲ್ಲ. ನನಗೆ ಇವತ್ತಿಗೂ ಬೇಸರ ಅದೇ. ಮುಂದಿನ ಸೀಸನ್‌ಗೆ ಎಲ್ಲರೂ ಮತ್ತೆ ಒಂದೇ ಯುರೋಲೀಗ್‌ಗೆ ಬಂದರು. 2002ರ ಫೈನಲ್‌ನಲ್ಲಿ ಪಾನಾಥಿನೈಕೋಸ್, ಕಿಂಡರ್ ತಂಡವನ್ನು ಅದರ ಸ್ವಂತ ಊರಾದ ಬೊಲೋನ್ಯಾದಲ್ಲೇ ಸೋಲಿಸಿತು.