ಗಾಲ್ಫ್‌ನಲ್ಲಿ ಚೆಂಡು ದೂರ ಹೋಗಲು ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಸಾಕೇ?

ಸಾಲದು, ಆದರೆ ಬಿಡಬೇಡಿ. ಸಾವಿರಕ್ಕೂ ಮಿಕ್ಕ ಆ ಮೆಟ್ಟಿಲುಗಳು ಕಾಲಿಗೂ ಉಸಿರಿಗೂ ಕಸುವು ತುಂಬುತ್ತವೆ. ಮೈಸೂರಿನ ರೇಸ್‌ಕೋರ್ಸ್ ಆವರಣದ ಗಾಲ್ಫ್ ಮೈದಾನದಲ್ಲಿ 18 ಕುಳಿಗಳನ್ನು ನಡೆದೇ ಮುಗಿಸುವವರಿಗೆ ಕೊನೆಯ ನಾಲ್ಕೈದು ಕುಳಿಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಚೆಂಡು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ತಲೆಯ ವೇಗ, ಮತ್ತು ಆ ವೇಗ ಹುಟ್ಟುವುದು ತೋಳಿನಲ್ಲಲ್ಲ. ಹೊಡೆತಕ್ಕೆ ಇಳಿಯುವಾಗ ಪಾದ ನೆಲವನ್ನು ಒತ್ತುತ್ತದೆ, ಸೊಂಟ ಮೊದಲು ತಿರುಗುತ್ತದೆ, ಅದರ ಬೆನ್ನಿಗೇ ಎದೆ, ತೋಳು, ಕಡೆಗೆ ಕ್ಲಬ್ಬು. ನೀವು ಹೇಳಿರುವಂತೆ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಲ್ಲಿ ಸೊಂಟದ ಕೀಲೂ ಮೇಲ್ಬೆನ್ನೂ ಬಿಗಿದುಕೊಂಡಿರುವುದು ಸಾಮಾನ್ಯವಾದ್ದರಿಂದ, ತಿರುಗುವ ಹೊರೆಯೆಲ್ಲ ಅದಕ್ಕೆಂದು ರೂಪುಗೊಂಡಿರದ ಕೆಳಬೆನ್ನಿನ ಮೇಲೆ ಬೀಳುತ್ತದೆ. ಗಾಲ್ಫ್ ಆಟಗಾರರಲ್ಲಿ ಕೆಳಬೆನ್ನಿನ ನೋವು ಹೆಚ್ಚಾಗಿರಲು ಇದೂ ಒಂದು ಕಾರಣ. ಪರೀಕ್ಷಿಸಿಕೊಳ್ಳುವುದು ಸುಲಭ: ಕುರ್ಚಿಯಲ್ಲಿ ಕುಳಿತು, ಮಂಡಿಗಳನ್ನು ಜೋಡಿಸಿ, ಕ್ಲಬ್ಬನ್ನು ಎದೆಗೆ ಅಡ್ಡಲಾಗಿ ಅವಚಿಕೊಂಡು ಎರಡೂ ಕಡೆಗೆ ತಿರುಗಿ ನೋಡಿ. ಸುಮಾರು 45 ಡಿಗ್ರಿಯೂ ತಿರುಗಲಾಗದಿದ್ದರೆ ಭಾರ ಎತ್ತುವ ಮೊದಲು ಆ ಬಿಗಿತವನ್ನು ಸಡಿಲಿಸುವ ವ್ಯಾಯಾಮಗಳನ್ನು ಮಾಡಬೇಕು.

ಬಳಿಕ ವಾರಕ್ಕೆ ಎರಡು ಬಾರಿ ಸ್ಕ್ವಾಟ್ (ಕುಕ್ಕರಿಸಿ ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೇರವಾಗಿಟ್ಟು ನಿಲ್ಲುವುದು), ಜೊತೆಗೆ ತೂಕದ ಚೆಂಡಾದ ಮೆಡಿಸಿನ್ ಬಾಲನ್ನು ಪಕ್ಕದಿಂದ ಗೋಡೆಗೆ ರಭಸದಿಂದ ಎಸೆಯುವ ಅಭ್ಯಾಸ ಸಾಕು. ಬೈಸೆಪ್ಸ್ ಕಸರತ್ತು ಕನ್ನಡಿಗೆ ಹಿತ, ಡ್ರೈವಿಗೆ (ದೂರದ ಹೊಡೆತಕ್ಕೆ) ಅಷ್ಟಕ್ಕಷ್ಟೆ. ಆಟಕ್ಕೆ ಮುಂಚಿನ ಹತ್ತು ನಿಮಿಷ ಒಂದೇ ಭಂಗಿಯಲ್ಲಿ ಹಿಗ್ಗಿಸಿ ನಿಲ್ಲುವ ಬದಲು, ಚುರುಕಾಗಿ ನಡೆದು, ಕೈಕಾಲು ಬೀಸಿ, ಚೆಂಡಿಲ್ಲದೆ ಕ್ಲಬ್ಬನ್ನು ನಿಧಾನದಿಂದ ವೇಗಕ್ಕೆ ಬೀಸುವ ಖಾಲಿ ಸ್ವಿಂಗ್ ಮಾಡಿ.