ಪತ್ರಕರ್ತರು ನಮ್ಮ ಮೇಲ್‌ಗೆ ಯಾಕೆ ಉತ್ತರಿಸುವುದಿಲ್ಲ?

ಪ್ರಶ್ನೆ: ಪಿಂಚಣಿ ಯೋಜನೆಯ ಲೋಪಗಳ ಬಗ್ಗೆ ನಮ್ಮ ಸಂಘ ಸರ್ಕಾರಿ ನೀತಿಗಳ ಕುರಿತು ಬರೆಯುವ ಪತ್ರಕರ್ತರೊಬ್ಬರಿಗೆ ಮೂರು ಸಲ ಮೇಲ್ ಕಳಿಸಿತು. ಉತ್ತರವೇ ಇಲ್ಲ. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ‘ಪಿಂಚಣಿಯಲ್ಲಿ ಸಮಸ್ಯೆಗಳಿವೆ’ ಎಂಬುದು ವಿಷಯ ಅಷ್ಟೇ, ಸುದ್ದಿಯಲ್ಲ. ‘ಬೆರಳಚ್ಚು ತಾಳೆಯಾಗದೆ ವೃದ್ಧರ ಪಿಂಚಣಿ ನಿಂತಿದೆ, ಬದಲಿ ಗುರುತು ಒಪ್ಪಬೇಕೆಂಬ ಆದೇಶ ಕಚೇರಿಗಳಲ್ಲಿ ಪಾಲನೆಯಾಗುತ್ತಿಲ್ಲ’ ಎನ್ನಿ, ಅದು ಸುದ್ದಿ. ಮೇಲ್‌ನ ಶೀರ್ಷಿಕೆಯಲ್ಲೇ ಇದು ಎಂಟು-ಹತ್ತು ಪದಗಳಲ್ಲಿ ಬರಲಿ. ಒಳಗೆ 150 ಪದ ಸಾಕು: ಯಾರಿಗೆ ಏನಾಗಿದೆ, ಈಗಲೇ ಏಕೆ ಬರೆಯಬೇಕು, ಪುರಾವೆ ಏನು. ನಲವತ್ತು ಪುಟದ ಮನವಿ ಲಗತ್ತಿಸಿದರೆ ಯಾರೂ ತೆರೆಯುವುದಿಲ್ಲ. ಆದೇಶದ ಕೊಂಡಿ ಕೊಟ್ಟು ಪುಟಸಂಖ್ಯೆ ತಿಳಿಸಿ. ಮಾತನಾಡಲು ಒಪ್ಪಿರುವ ಇಬ್ಬರು ಫಲಾನುಭವಿಗಳಿದ್ದಾರೆಂದು ಹೇಳಿ. ಅವರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು, ಇದರಲ್ಲಿ ರಾಜಿ ಬೇಡ. ಸಂಘದ ಹಿತಾಸಕ್ತಿಯನ್ನೂ ನೀವೇ ತಿಳಿಸಿ. ಆಮೇಲೆ ಬಯಲಾದರೆ ನಂಬಿಕೆ ಹೋಗುತ್ತದೆ.

ನಿಮ್ಮ ವಿಷಯಕ್ಕೆ ಸಂಬಂಧಿಸಿದ ಮಸೂದೆ ಸದನದಲ್ಲಿ ಮಂಡನೆಯಾಗುವುದಿದ್ದರೆ, ಆ ದಿನ ಮೇಲ್ ಕಳಿಸಿದರೆ ತಡವಾಯಿತು, ವಾರ ಮೊದಲೇ ಕಳಿಸಿ. ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಉತ್ತರ ಬರದಿದ್ದರೆ ಅದೇ ಕ್ಷೇತ್ರದ ಬೇರೊಬ್ಬರನ್ನು ಸಂಪರ್ಕಿಸಿ. ಮಾಹಿತಿ ಕೊಡುವವರ ಹೆಸರು ಬಹಿರಂಗವಾಗಬಾರದೆಂದರೆ ಆ ಷರತ್ತಿಗೆ ಮಾತು ಶುರುವಾಗುವ ಮುನ್ನವೇ ಪತ್ರಕರ್ತರ ಒಪ್ಪಿಗೆ ಪಡೆಯಿರಿ.