ಕಿವಿಯ ಶಸ್ತ್ರಚಿಕಿತ್ಸೆ ಮತ್ತು ಎಲುಬಿನ ಪುಡಿ

ಪ್ರಶ್ನೆ: ನನ್ನ ತಂಗಿಗೆ ಚಿಕ್ಕಂದಿನಿಂದಲೂ ಕಿವಿ ಸೋರುತ್ತದೆ. ಕೊಲೆಸ್ಟಿಯಟೋಮಾ ಎಂಬ ರೋಗ ಇರುವುದರಿಂದ ಕಿವಿಯ ಹಿಂದಿನ ಮಾಸ್ಟಾಯ್ಡ್ ಎಲುಬನ್ನು ಕೊರೆಯಬೇಕೆಂದೂ, ಆಗ ಬರುವ ಪುಡಿಯನ್ನೇ ಕೂಡಿಟ್ಟು ಅಲ್ಲಿಯ ಗುಂಡಿಗೆ ತುಂಬುವುದಾಗಿಯೂ ವೈದ್ಯರು ಹೇಳಿದ್ದಾರೆ. ರೋಗವಿರುವ ಎಲುಬಿನ ಪುಡಿಯನ್ನೇ ಮತ್ತೆ ತುಂಬಿದರೆ ರೋಗ ಉಳಿದುಬಿಡುವುದಿಲ್ಲವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಅನುಮಾನ ಸಹಜವಾದುದೇ. ಆದರೆ ಕೂಡಿಡುವುದು ರೋಗವಿರುವ ಎಲುಬಿನ ಪುಡಿಯನ್ನಲ್ಲ. ಕಿವಿಯ ಹಿಂದೆ ಬೆರಳಿಟ್ಟರೆ ಗಟ್ಟಿಯಾದ ಉಬ್ಬೊಂದು ಸಿಗುತ್ತದಲ್ಲ, ಅದರ ಹೊರಪದರ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಒಳಗಿನ ಗಾಳಿಗೂಡುಗಳನ್ನು ತೆರೆಯುವ ಮೊದಲೇ ಆ ಪದರದಿಂದ ಬೇಕಾದಷ್ಟು ಪುಡಿಯನ್ನು ತೆಗೆದಿಟ್ಟುಕೊಳ್ಳುತ್ತಾರೆ. ಕೊಲೆಸ್ಟಿಯಟೋಮಾ ಎಂದರೆ ಇರಬಾರದ ಕಡೆ ಬೆಳೆದ ಚರ್ಮವೇ ಆದುದರಿಂದ, ಪುಡಿಯಲ್ಲಿ ಚರ್ಮದ ಒಂದು ಚೂರೂ ಸೇರದಂತೆ ಎಲುಬಿನ ಮೇಲ್ಮೈಯನ್ನು ಮೊದಲು ಚೊಕ್ಕಟ ಮಾಡಿಕೊಳ್ಳುತ್ತಾರೆ.

ಎಲುಬು ಕಾದರೆ ಅದರ ಜೀವಕೋಶಗಳು ಸಾಯುವುದರಿಂದ ಕೊರೆಯುವಾಗ ನೀರು ಹರಿಸುವುದು ವಾಡಿಕೆ. ಆದರೆ ಧಾರಾಳವಾಗಿ ಹರಿಸಿದರೆ ಪುಡಿಯೆಲ್ಲ ಕೊಚ್ಚಿಹೋಗುತ್ತದೆ. ಹಾಗಾಗಿ ಪುಡಿ ಹಿಡಿಯುವ ಹೊತ್ತಿನಲ್ಲಿ ಡ್ರಿಲ್ಲಿನ ವೇಗವನ್ನೂ ನೀರನ್ನೂ ತಗ್ಗಿಸುತ್ತಾರೆ. ಹೀರುಕೊಳವೆಗೆ ಸಣ್ಣ ಜಾಲರಿಯ ಡಬ್ಬಿಯೊಂದನ್ನು ಜೋಡಿಸಿದರೆ ಪುಡಿ ಅದರಲ್ಲಿ ನಿಲ್ಲುತ್ತದೆ. ಡಬ್ಬಿ ಇಲ್ಲದಿದ್ದರೆ ಚಪ್ಪಟೆ ಉಪಕರಣದಿಂದ ಬಳಿದು ಬಟ್ಟಲಿಗೆ ಹಾಕುವುದೂ ಉಂಟು. ರೋಗಿಯದೇ ರಕ್ತದಲ್ಲಿ ನೆನೆದ ಆ ಪುಡಿ, ನಾದಿದ ಹಿಟ್ಟಿನಂತೆ ಒತ್ತಿದಲ್ಲಿ ಕೂರುತ್ತದೆ. ವೈದ್ಯರು ಇದನ್ನು 'ಬೋನ್ ಪಾಟೆ' ಎನ್ನುತ್ತಾರೆ.

ವಿಚಿತ್ರವೆಂದರೆ, ಗುಂಡಿಯಲ್ಲಿ ಉಪಕಾರಿಯಾದ ಈ ಪುಡಿ ಮಧ್ಯಕಿವಿಯಲ್ಲಿ ಉಳಿದರೆ ಉಪದ್ರವಕಾರಿ. ಅಲ್ಲಿ ಅದು ಹೊಸ ಎಲುಬಾಗಿ ಬೆಳೆದು, ಶಬ್ದವನ್ನು ಒಳಕ್ಕೆ ಸಾಗಿಸುವ ಪುಟ್ಟ ಎಲುಬುಗಳನ್ನು ಅಲುಗದಂತೆ ಕಟ್ಟಿಹಾಕಬಲ್ಲದು. ಆದ್ದರಿಂದ ಬೇಡದ ಪುಡಿಯನ್ನು ಕೊನೆಯಲ್ಲಿ ಚೆನ್ನಾಗಿ ತೊಳೆದು ತೆಗೆಯುತ್ತಾರೆ.

ಗುಂಡಿಯನ್ನು ತುಂಬದೆ ತೆರೆದು ಬಿಟ್ಟರೆ ಕುಗ್ಗೆ ಕಟ್ಟುತ್ತದೆ, ನೀರು ಹೋದರೆ ಮತ್ತೆ ಸೋರುತ್ತದೆ, ತಣ್ಣೀರು ತಾಗಿದರೆ ಕೆಲವರಿಗೆ ತಲೆ ಸುತ್ತುತ್ತದೆ. ತುಂಬುವುದರಲ್ಲಿಯೂ ಒಂದು ತೊಡಕಿದೆ: ರೋಗದ ಎಳೆಯೇನಾದರೂ ಅಡಿಯಲ್ಲಿ ಉಳಿದಿದ್ದರೆ ಅದು ಹೊರಗಿನಿಂದ ಕಾಣಿಸುವುದಿಲ್ಲ. ಆದುದರಿಂದ ನೋವು, ಸೋರಿಕೆ ಇಲ್ಲದಿದ್ದರೂ ಮುಂದೆ ಎಂಆರ್‌ಐ ಮಾಡಿಸಲು ಹೇಳಿದರೆ ತಪ್ಪಿಸಬೇಡಿ. ಹೊರಪದರವೇ ಸೋಂಕಿಗೆ ಸಿಕ್ಕಿದ್ದರೆ ಪುಡಿಯನ್ನು ಬಿಟ್ಟು ಕಿವಿಯ ಮೃದ್ವಸ್ಥಿಯನ್ನೋ ಸ್ನಾಯುವನ್ನೋ ಬಳಸಬಹುದು; ನಿಮ್ಮ ತಂಗಿಯ ಸಿಟಿ ಸ್ಕ್ಯಾನಿನಲ್ಲಿ ಆ ಪದರ ಹೇಗಿದೆಯೆಂದು ವೈದ್ಯರನ್ನು ಕೇಳಿನೋಡಿ.